ಮೇಜಿನ ಮೇಲೆ ಕಟ್ಟಿದ ಲಾಸ್ ಏಂಜಲೀಸ್

‘ಬ್ಲೇಡ್ ರನ್ನರ್’ ಅಮೆರಿಕದಲ್ಲಿ ತೆರೆಕಂಡದ್ದು 1982ರ ಜೂನ್ 25ರಂದು. ಅದರ ಮುಂದುವರಿದ ಭಾಗ ‘ಬ್ಲೇಡ್ ರನ್ನರ್ 2049’ ಬಂದದ್ದು 2017ರ ಅಕ್ಟೋಬರ್ 6ರಂದು. ನಡುವೆ 35 ವರ್ಷ. ಎರಡರ ಕಥೆಯೂ ನಡೆಯುವುದು ಮುಂದೊಂದು ಕಾಲದ ಲಾಸ್ ಏಂಜಲೀಸ್ ನಗರದಲ್ಲಿ. ಮೊದಲನೆಯದು 2019ರ ನವೆಂಬರ್ ತಿಂಗಳು, ಎರಡನೆಯದು ಅಲ್ಲಿಂದ 30 ವರ್ಷ ಮುಂದೆ. ಈ ಚಿತ್ರಗಳನ್ನು ಹೋಲಿಸಿ ಬರೆದವರು ಹೆಚ್ಚಾಗಿ ಕಥೆಯ ಒಗಟುಗಳನ್ನೇ ಬಿಡಿಸುತ್ತಾ ಕೂತಿದ್ದಾರೆ. ಆದರೆ ಎರಡಕ್ಕೂ ನಿಜವಾದ ನಾಯಕ ಆ ನಗರವೇ. ಅದನ್ನು ಕಟ್ಟಿದವರು ಮಾದರಿ ಮಾಡುವವರು, ಬಣ್ಣ ಬಳಿಯುವವರು, ದೀಪ ಹಿಡಿಯುವವರು, ಆಮೇಲಾಮೇಲೆ ಕಂಪ್ಯೂಟರಿನ ಮುಂದೆ ಕೂತವರು. ಈ ಕಸುಬು 35 ವರ್ಷಗಳಲ್ಲಿ ಹೇಗೆ ಕೈಯಿಂದ ಕೈಗೆ ದಾಟಿತು ಎಂಬುದನ್ನು ಹಿಂಬಾಲಿಸಿದರೆ ಎರಡು ಚಿತ್ರಗಳ ನಡುವಿನ ನಂಟೂ ಅಂತರವೂ ಕಥೆಗಿಂತ ಚೆನ್ನಾಗಿ ತಿಳಿಯುತ್ತವೆ.

ಕಥೆಯ ಬೇರು ಇರುವುದು ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’ ಎಂಬ ಕಾದಂಬರಿಯಲ್ಲಿ. ಅದು ನಡೆಯುವ ಊರು ಸ್ಯಾನ್ ಫ್ರಾನ್ಸಿಸ್ಕೊ. ಯುದ್ಧದ ಧೂಳು ಕವಿದು, ಬಹುಪಾಲು ಜನ ಬೇರೆ ಗ್ರಹಕ್ಕೆ ಗುಳೆ ಹೋಗಿ, ಖಾಲಿ ಮನೆಗಳು ಮಾತ್ರ ಉಳಿದ ಊರು ಅದು. ಅಲ್ಲಿ ನಿಜವಾದ ಕುರಿಯನ್ನೋ ಗೂಬೆಯನ್ನೋ ಸಾಕುವುದೇ ದೊಡ್ಡ ಅಂತಸ್ತು. ಹ್ಯಾಂಪ್ಟನ್ ಫ್ಯಾಂಚರ್ ಮತ್ತು ಡೇವಿಡ್ ಪೀಪಲ್ಸ್ ಬರೆದ ಚಿತ್ರಕಥೆಯಲ್ಲಿ ಊರು ಬದಲಾಯಿತು, ಖಾಲಿತನ ಹೋಗಿ ಕಿಕ್ಕಿರಿದ ಸಂದಣಿ ಬಂತು. ತಿರುಳು ಮಾತ್ರ ಉಳಿಯಿತು: ಮನುಷ್ಯರ ಚಾಕರಿಗೆಂದು ತಯಾರಿಸಿದ, ಮನುಷ್ಯರಂತೆಯೇ ಇರುವ ಕೃತಕ ಜೀವಿಗಳು ತಪ್ಪಿಸಿಕೊಂಡು ಬಂದರೆ ಅವರನ್ನು ಹುಡುಕಿ ಕೊಲ್ಲಬೇಕು. ಚಿತ್ರದಲ್ಲಿ ಈ ಜೀವಿಗಳಿಗೆ ರೆಪ್ಲಿಕಂಟ್ ಎಂದು ಹೆಸರು, ಕೊಲ್ಲುವ ಪೊಲೀಸನಿಗೆ ಬ್ಲೇಡ್ ರನ್ನರ್ ಎಂದು. ಈ ಎರಡನೇ ಹೆಸರು ಡಿಕ್ ಅವರದಲ್ಲ. ಅಲನ್ ನರ್ಸ್ 1974ರಲ್ಲಿ ಬರೆದ ಬೇರೊಂದು ಕಾದಂಬರಿಯಲ್ಲಿ ಶಸ್ತ್ರಚಿಕಿತ್ಸೆಯ ಸಲಕರಣೆಗಳನ್ನು ಕದ್ದು ಸಾಗಿಸುವವನಿಗೆ ಆ ಹೆಸರಿತ್ತು. ಚಿತ್ರದವರು ಹೆಸರನ್ನಷ್ಟೇ ತೆಗೆದುಕೊಂಡರು.

ನಿರ್ದೇಶಕ ರಿಡ್ಲಿ ಸ್ಕಾಟ್ ಆಗಷ್ಟೇ ‘ಏಲಿಯನ್’ (1979) ಮುಗಿಸಿದ್ದರು. ಚಿತ್ರಕಲೆ ಕಲಿತು, ಬ್ರಿಟನ್ನಿನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿ ಬೆಳೆದವರು ಅವರು. ಪ್ರತಿ ಶಾಟ್ ಅನ್ನೂ ಮೊದಲು ಕಾಗದದ ಮೇಲೆ ಗೀಚಿ ನೋಡುವುದು ಅವರ ರೂಢಿ. ಅವರು ಎಳವೆಯಲ್ಲಿ ಕಂಡ ಇಂಗ್ಲೆಂಡಿನ ಈಶಾನ್ಯ ಕರಾವಳಿ ಕಾರ್ಖಾನೆಗಳ ಸೀಮೆ. ಟೀಸ್‌ಸೈಡ್‌ನ ರಾಸಾಯನಿಕ ಸ್ಥಾವರಗಳ ಚಿಮಣಿಗಳು ರಾತ್ರಿ ಬೆಂಕಿ ಉಗುಳುತ್ತಿದ್ದ ನೋಟ ಅವರ ಮನಸ್ಸಿನಲ್ಲಿ ಕೂತಿತ್ತು. ಚಿತ್ರದ ಮೊದಲ ದೃಶ್ಯದಲ್ಲಿ ದಿಗಂತದವರೆಗೆ ಹಬ್ಬಿದ ಗೋಪುರಗಳು ಬೆಂಕಿ ಉಗುಳುವುದು ಅಲ್ಲಿಂದ ಬಂದದ್ದು. ಹಾಂಗ್‌ಕಾಂಗ್‌ನ ಬೀದಿಗಳು, ಫ್ರೆಂಚ್ ಚಿತ್ರಕಾರ ಮೋಬಿಯಸ್ ಬರೆದ ಕಾಮಿಕ್ಸ್, ಫ್ರಿಟ್ಜ್ ಲ್ಯಾಂಗ್ ನಿರ್ದೇಶನದ ‘ಮೆಟ್ರೊಪೊಲಿಸ್’ (1927) ಇವೂ ಜೊತೆಗೂಡಿದವು.

ಸ್ಕಾಟ್ ವಾಹನಗಳ ವಿನ್ಯಾಸಕ್ಕೆಂದು ಸಿಡ್ ಮೀಡ್ ಅವರನ್ನು ಕರೆಸಿದರು. ಮೀಡ್ ಹಿಂದೆ ಫೋರ್ಡ್ ಕಂಪನಿಯಲ್ಲಿ ಕಾರುಗಳನ್ನು ಚಿತ್ರಿಸುತ್ತಿದ್ದವರು. ಅವರಿಗೆ ಬರಿಯ ಕಾರನ್ನು ಬಿಳಿ ಹಾಳೆಯ ಮೇಲೆ ಬರೆದುಕೊಡುವುದು ಒಗ್ಗಲಿಲ್ಲ; ಕಾರು ನಿಂತ ಬೀದಿ, ಬೀದಿಯ ಅಂಗಡಿ, ಅಂಗಡಿಯ ಮೇಲಿನ ಕೊಳವೆ, ಮಳೆಗೆ ಒದ್ದೆಯಾದ ನೆಲ ಎಲ್ಲವನ್ನೂ ಬರೆದರು. ಆ ಹಿನ್ನೆಲೆಗಳೇ ನಗರದ ನಕ್ಷೆಯಾದವು. ಅವುಗಳ ಹಿಂದಿದ್ದ ಆಲೋಚನೆ ಸರಳ: ಮುಂದಿನ ಕಾಲದಲ್ಲಿ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟಲು ಯಾರಿಗೂ ಶಕ್ತಿಯಿರುವುದಿಲ್ಲ, ಹಳೆಯದರ ಮೈಮೇಲೇ ಕೊಳವೆ, ತಂತಿ, ಗಾಳಿಯಂತ್ರಗಳನ್ನು ಜೋಡಿಸುತ್ತಾ ಹೋಗುತ್ತಾರೆ. ಅಂದಿನವರೆಗಿನ ವಿಜ್ಞಾನಕಥೆಯ ಸಿನಿಮಾಗಳಲ್ಲಿ ಭವಿಷ್ಯವೆಂದರೆ ಹೆಚ್ಚಾಗಿ ಬಿಳಿ ಗೋಡೆ, ಹೊಳೆಯುವ ಲೋಹ, ಒಂದು ಕಸವೂ ಇಲ್ಲದ ನೆಲ. ಇಲ್ಲಿ ಭವಿಷ್ಯ ತೇಪೆ ಹಾಕಿಕೊಂಡು ಬಂತು. ಈ ಚಿತ್ರ ಸಿನಿಮಾ ಕಲೆಗೆ ಕೊಟ್ಟ ಅತಿ ದೊಡ್ಡ ಕಾಣಿಕೆ ಇದೇ ಎನ್ನಬೇಕು.

ಬೀದಿಯ ಸೆಟ್ ಬಂದದ್ದೂ ತೇಪೆಯಿಂದಲೇ. ಹಣ ಹಾಕಬೇಕಿದ್ದ ಫಿಲ್ಮ್‌ವೇಸ್ ಕಂಪನಿ 1980ರ ಕೊನೆಗೆ ಹಿಂದೆ ಸರಿಯಿತು. ನಿರ್ಮಾಪಕ ಮೈಕಲ್ ಡೀಲಿ ಅವಸರದಲ್ಲಿ ಬೇರೆ ಮೂರು ಕಡೆಯಿಂದ ಹಣ ಹೊಂದಿಸಿದರು. ಅದರಲ್ಲೊಬ್ಬರು ಹಾಂಗ್‌ಕಾಂಗ್‌ನ ಸಿನಿಮಾ ದೊರೆ ರನ್ ರನ್ ಶಾ. ಹೊರದೇಶದಲ್ಲಿ ಚಿತ್ರೀಕರಿಸುವ ಮಾತು ಬಿದ್ದುಹೋಗಿ, ಬರ್ಬ್ಯಾಂಕ್ ಸ್ಟುಡಿಯೊದಲ್ಲಿ 1929ರಿಂದ ನಿಂತಿದ್ದ ‘ನ್ಯೂಯಾರ್ಕ್ ಬೀದಿ’ ಎಂಬ ಹಳೆಯ ಸೆಟ್ಟೇ ಗತಿಯಾಯಿತು. ಹಂಫ್ರಿ ಬೊಗಾರ್ಟ್ ಕಾಲದ ಪತ್ತೇದಾರಿ ಚಿತ್ರಗಳು ಅದೇ ಬೀದಿಯಲ್ಲಿ ತಯಾರಾಗಿದ್ದವು. ಕಲಾವಿಭಾಗದ ಮುಖ್ಯಸ್ಥ ಲಾರೆನ್ಸ್ ಪಾಲ್ ವಾಸ್ತುಶಿಲ್ಪ ಓದಿದವರು. ಅವರ ತಂಡ ಆ ಮುಂಗೋಡೆಗಳ ಮೇಲೆ ಕೊಳವೆಗಳನ್ನು, ನಿಯಾನ್ ಫಲಕಗಳನ್ನು ಹೊದಿಸಿತು. ಹಗಲಿನಲ್ಲಿ ಆ ಬೀದಿಯ ತುದಿಗೆ ನಿಂತರೆ ಬರ್ಬ್ಯಾಂಕ್‌ನ ಗುಡ್ಡಗಳು ಕಾಣುತ್ತಿದ್ದವು, ಅದಕ್ಕೆ ರಾತ್ರಿಯಲ್ಲೇ ಚಿತ್ರೀಕರಣ. ಗೋಡೆಗಳ ಹಿಂದೆ ಏನೂ ಇರಲಿಲ್ಲ, ಅದಕ್ಕೆ ಹೊಗೆ ಮತ್ತು ಮಳೆ. 1981ರ ಮಾರ್ಚ್‌ನಿಂದ ಜುಲೈವರೆಗೆ ತಂಡ ಒದ್ದೆಯಾಗಿಯೇ ದುಡಿಯಿತು. ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್‌ವೆತ್ ಹೊಗೆಯ ಹಿಂದಿನಿಂದ ಪ್ರಖರ ದೀಪಗಳನ್ನು ಹಾಯಿಸಿದರು. ಬೆಳಕಿನ ಕೋಲುಗಳು ಕಿಟಕಿಯಿಂದ ಒಳಗೆ ಬಂದು ಗೋಡೆಯನ್ನು ಸವರಿ ಹೋಗುತ್ತವೆ. ಕೊರತೆಯನ್ನು ಮುಚ್ಚಲು ಹುಟ್ಟಿದ ಮಳೆ, ಹೊಗೆ, ಕತ್ತಲೆ ಆಮೇಲೆ ಆ ಚಿತ್ರದ ಗುರುತೇ ಆದವು. ಜಗತ್ತಿನ ಅದೆಷ್ಟೋ ಚಿತ್ರಗಳು ಅದನ್ನು ಕಂಡು ತಾವೂ ಮಳೆ ಸುರಿಸಿದವು.

ಬೀದಿಯಿಂದ ತಲೆ ಎತ್ತಿ ನೋಡಿದರೆ ಕಾಣುವ ನಗರ ತಯಾರಾದದ್ದು ಬೇರೆ ಕಡೆ, ಲಾಸ್ ಏಂಜಲೀಸ್‌ನ ಕಡಲಂಚಿನ ಮರಿನಾ ಡೆಲ್ ರೇ ಎಂಬಲ್ಲಿ. ಅಲ್ಲಿ ಡಗ್ಲಸ್ ಟ್ರಂಬುಲ್ ಮತ್ತು ರಿಚರ್ಡ್ ಯೂರಿಸಿಚ್ ನಡೆಸುತ್ತಿದ್ದ ಎಂಟರ್‌ಟೈನ್‌ಮೆಂಟ್ ಎಫೆಕ್ಟ್ಸ್ ಗ್ರೂಪ್ ಎಂಬ ಸಂಸ್ಥೆ ಇತ್ತು. ಟ್ರಂಬುಲ್ ಹೆಸರು ಆ ಕಸುಬಿನಲ್ಲಿ ಆಗಲೇ ದೊಡ್ಡದು: ‘2001: ಎ ಸ್ಪೇಸ್ ಒಡಿಸಿ’ (1968), ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’ (1977) ಎರಡರಲ್ಲೂ ಅವರ ಕೈಚಳಕವಿದೆ. ಅವರು ನಡುವೆ ತಮ್ಮದೇ ಚಿತ್ರದ ಕಡೆ ಹೋದಾಗ ಡೇವಿಡ್ ಡ್ರೈಯರ್ ಉಳಿದ ಕೆಲಸದ ಹೊಣೆ ಹೊತ್ತರು. ಮಾದರಿಗಳ ವಿಭಾಗದ ಮುಖ್ಯಸ್ಥ ಮಾರ್ಕ್ ಸ್ಟೆಟ್ಸನ್. ಈ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಮೊದಲ ದೃಶ್ಯದ ಬೆಂಕಿಯ ಬಯಲನ್ನು ತಂಡದವರು ‘ಹೇಡಿಸ್’ ಎಂದು ಕರೆಯುತ್ತಿದ್ದರು, ಗ್ರೀಕರ ಪಾತಾಳದ ಹೆಸರು. ತೆರೆಯ ಮೇಲೆ ಅದು ಮೈಲಿಗಟ್ಟಲೆ ಹಬ್ಬಿದಂತೆ ಕಾಣುತ್ತದೆ. ನಿಜಕ್ಕೂ ಅದು ಸುಮಾರು 18 ಅಡಿ ಅಗಲ, 13 ಅಡಿ ಆಳದ ಒಂದು ಜಗಲಿ. ದಸರೆಯ ಗೊಂಬೆ ಕೂರಿಸುವವರಿಗೆ ಇದರ ಗುಟ್ಟು ಬೇಗ ಹೊಳೆಯುತ್ತದೆ: ಮುಂದಿನ ಸಾಲಿನಲ್ಲಿ ಎತ್ತರದ, ಮೈತುಂಬ ವಿವರವಿರುವ ಗೋಪುರಗಳು, ಹಿಂದೆ ಹೋದಂತೆ ಗೋಪುರ ಕುಗ್ಗುತ್ತದೆ, ವಿವರ ಕಡಿಮೆಯಾಗುತ್ತದೆ. ಹಿಂದಿನ ಸಾಲುಗಳಲ್ಲಿ ಇದ್ದದ್ದು ಗೋಪುರವೇ ಅಲ್ಲ, ಆಮ್ಲದಲ್ಲಿ ಕೊರೆದ ಹಿತ್ತಾಳೆಯ ತೆಳು ತಗಡುಗಳು, ಬರಿಯ ಆಕಾರ. ಕೆಳಗಿನಿಂದ ಸಾವಿರಾರು ಫೈಬರ್ ಆಪ್ಟಿಕ್ ಎಳೆಗಳ ತುದಿ ಮೇಲೆ ಬಂದು ಕಿಟಕಿಗಳ, ಬೀದಿದೀಪಗಳ ಬೆಳಕಾಗುತ್ತಿತ್ತು. ಇಡೀ ಕೋಣೆಗೆ ಹೊಗೆ ತುಂಬಿ, ಅದರ ಸಾಂದ್ರತೆ ಹೆಚ್ಚುಕಡಿಮೆಯಾಗದಂತೆ ಕಾಯ್ದುಕೊಳ್ಳುತ್ತಿದ್ದರು. ಹದಿಮೂರು ಅಡಿಯ ಗಾಳಿ ಮೈಲಿಗಟ್ಟಲೆ ಗಾಳಿಯಂತೆ ಕಾಣಬೇಕಾದರೆ ಅಷ್ಟು ಹೊಗೆ ಬೇಕೇ ಬೇಕು.

ಒಂದು ಶಾಟ್ ತೆಗೆಯುವುದು ಒಂದೇ ಸಲಕ್ಕೆ ಆಗುವ ಕೆಲಸವಾಗಿರಲಿಲ್ಲ. ಕ್ಯಾಮೆರಾ ಹೋಗುವ ದಾರಿಯನ್ನು ಯಂತ್ರವೊಂದು ನೆನಪಿಟ್ಟುಕೊಂಡು ಕೂದಲೆಳೆಯಷ್ಟೂ ತಪ್ಪದೆ ಮತ್ತೆ ಮತ್ತೆ ಹೋಗುತ್ತಿತ್ತು. ಮೊದಲ ಸಲ ಹೊಗೆಯಲ್ಲಿ ಕಟ್ಟಡಗಳ ಮೈ. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದೇ ನೆಗೆಟಿವ್ ಮೇಲೆ ಎರಡನೇ ಸಲ ಕಿಟಕಿಗಳ ಬೆಳಕು. ಮತ್ತೆ ಸುತ್ತಿ ಬೇರೆ ದೀಪಗಳು. ಬೆಂಕಿಯ ಜ್ವಾಲೆಯನ್ನು ಮೊದಲೇ ಬೇರೆಯಾಗಿ ಚಿತ್ರಿಸಿಟ್ಟುಕೊಂಡು, ಗೋಪುರದ ತುದಿಗೆ ಪುಟ್ಟ ಬಿಳಿ ರಟ್ಟು ನಿಲ್ಲಿಸಿ ಅದರ ಮೇಲೆ ಪ್ರೊಜೆಕ್ಟರಿನಿಂದ ಬಿಡುತ್ತಿದ್ದರು, ಅದಕ್ಕೊಂದು ಸಲ. ಗಗನಚುಂಬಿ ಕಟ್ಟಡದ ಮೇಲೆ ಮಾತ್ರೆ ನುಂಗಿ ನಗುವ ಜಪಾನೀ ಹೆಣ್ಣಿನ ಜಾಹೀರಾತು ಬಂದದ್ದೂ ಹೀಗೆಯೇ. ಹತ್ತು ಸಲ ಸರಿಯಾಗಿ ಬಂದು ಹನ್ನೊಂದನೆಯ ಸಲ ತಪ್ಪಿದರೆ ಅಷ್ಟೂ ಕೆಲಸ ಮಣ್ಣುಪಾಲು. ನಟರ ದೃಶ್ಯಗಳಿಗೆ 35 ಮಿ.ಮೀ. ಫಿಲ್ಮ್ ಬಳಸಿದ್ದರೂ ಇಲ್ಲಿ ಮಾತ್ರ 65 ಮಿ.ಮೀ. ಫಿಲ್ಮ್ ಬಳಸಿದರು, ನಕಲು ತೆಗೆಯುವಾಗ ಚಿತ್ರ ಮಸುಕಾಗಬಾರದೆಂದು. ರೆಪ್ಲಿಕಂಟ್‌ಗಳನ್ನು ತಯಾರಿಸುವ ಟೈರೆಲ್ ಕಂಪನಿಯ ಪಿರಮಿಡ್ಡಿನ ಮೈಗೆ ಬಣ್ಣ ಬಳಿದು, ಒಂದೊಂದು ಕಿಟಕಿಯ ಜಾಗದಲ್ಲೂ ಬಣ್ಣವನ್ನು ಕೆರೆದು ಒಳಗಿನ ದೀಪ ಹೊರಗೆ ಕಾಣುವಂತೆ ಮಾಡಿದ್ದರು. ಮ್ಯಾಥ್ಯೂ ಯೂರಿಸಿಚ್ ಫಲಕಗಳ ಮೇಲೆ ಕುಂಚದಿಂದ ಬರೆದ ಹಿನ್ನೆಲೆಗಳು ಸೆಟ್‌ನ ಮೇಲ್ಭಾಗಕ್ಕೆ ಅಂಟಿಕೊಂಡು ಬೀದಿಯನ್ನು ಆಕಾಶದವರೆಗೆ ಬೆಳೆಸಿದವು.

1981ರ ಡಿಸೆಂಬರ್‌ನಲ್ಲಿ ಫಿಲಿಪ್ ಡಿಕ್ ಅವರನ್ನು ಈ ಕಾರ್ಯಾಗಾರಕ್ಕೆ ಕರೆಸಿ ಸುಮಾರು 20 ನಿಮಿಷದಷ್ಟು ದೃಶ್ಯಗಳನ್ನು ತೋರಿಸಿದರು. ಚಿತ್ರಕಥೆಯ ಬಗ್ಗೆ ಅಲ್ಲಿಯವರೆಗೆ ಬೇಸರವಿಟ್ಟುಕೊಂಡಿದ್ದ ಲೇಖಕ ಅಂದು ಬೆರಗಾದರು. ತಮ್ಮ ತಲೆಯೊಳಗಿದ್ದ ಲೋಕವನ್ನು ಇವರು ಹೇಗೆ ಕಂಡರು ಎಂಬುದೇ ಅವರ ಅಚ್ಚರಿ. ಪೂರ್ತಿ ಚಿತ್ರ ನೋಡುವ ಭಾಗ್ಯ ಅವರಿಗಿರಲಿಲ್ಲ. 1982ರ ಮಾರ್ಚ್ 2ರಂದು, ಬಿಡುಗಡೆಗೆ ನಾಲ್ಕು ತಿಂಗಳೂ ಇಲ್ಲದಿರುವಾಗ, ಅವರು ತೀರಿಕೊಂಡರು.

ನಗರದ ಕೆಲವು ಭಾಗಗಳು ಮಾತ್ರ ಕಟ್ಟಿದವಲ್ಲ, ಇದ್ದವೇ. ಲಾಸ್ ಏಂಜಲೀಸ್‌ನ ಬ್ರಾಡ್‌ವೇ ರಸ್ತೆಯ ಬ್ರಾಡ್‌ಬರಿ ಕಟ್ಟಡ 1893ರದು. ಗಣಿಯಲ್ಲಿ ಹಣ ಮಾಡಿದ ಲೂಯಿಸ್ ಬ್ರಾಡ್‌ಬರಿ ಅದನ್ನು ಕಟ್ಟಿಸಿದ್ದು, ಜಾರ್ಜ್ ವೈಮನ್ ಅದರ ವಿನ್ಯಾಸಕಾರರೆಂದು ಹೆಸರಾದವರು. ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಹೋದರೆ ಐದು ಅಂತಸ್ತಿನ ತೊಟ್ಟಿ, ಮೇಲೆ ಗಾಜಿನ ಮಾಡು, ಸುತ್ತ ಕಸೂತಿಯಂಥ ಕಬ್ಬಿಣದ ಕಟಕಟೆ, ತೆರೆದ ಪಂಜರದಂಥ ಲಿಫ್ಟು. ಚಿತ್ರದಲ್ಲಿ ಗೊಂಬೆ ಮಾಡುವ ಸೆಬಾಸ್ಟಿಯನ್ ಒಬ್ಬನೇ ವಾಸಿಸುವ ಪಾಳು ಮಹಲು ಇದೇ. ಹಗಲಿನಲ್ಲಿ ಅಲ್ಲಿ ಕಚೇರಿಗಳು ನಡೆಯುತ್ತಿದ್ದವು. ತಂಡ ಸಂಜೆ ಬಂದು, ಕಸ ಹರಡಿ, ನೀರು ಚೆಲ್ಲಿ ಕಟ್ಟಡವನ್ನು ಹಾಳುಬೀಳಿಸಿ, ಬೆಳಗಿನೊಳಗೆ ಮತ್ತೆ ಗುಡಿಸಿ ಒರೆಸಿ ಕೊಡಬೇಕಿತ್ತು. ರೆಪ್ಲಿಕಂಟ್‌ಗಳನ್ನು ಬೇಟೆಯಾಡುವ ಕಥಾನಾಯಕ ಡೆಕಾರ್ಡ್‌ನ ಮನೆಗೆ ಫ್ರಾಂಕ್ ಲಾಯ್ಡ್ ರೈಟ್ 1924ರಲ್ಲಿ ಕಟ್ಟಿದ ಎನಿಸ್ ಹೌಸ್‌ನ ಕೆತ್ತನೆಯ ಕಾಂಕ್ರೀಟ್ ಇಟ್ಟಿಗೆಗಳ ಅಚ್ಚು ತೆಗೆದು ಸೆಟ್ ಹಾಕಿದರು. ಪೊಲೀಸ್ ಠಾಣೆಯ ಒಳಭಾಗ 1939ರ ಯೂನಿಯನ್ ರೈಲು ನಿಲ್ದಾಣ.

ಚಿತ್ರ ಓಡಲಿಲ್ಲ. ಎರಡು ವಾರ ಮೊದಲು ಬಂದಿದ್ದ ಸ್ಪೀಲ್‌ಬರ್ಗ್‌ರ ‘ಇ.ಟಿ.’ ಜನರ ಮನಸ್ಸನ್ನು ಪೂರ್ತಿ ಆವರಿಸಿತ್ತು. ಪರೀಕ್ಷಾರ್ಥ ಪ್ರದರ್ಶನಗಳಲ್ಲಿ ಪ್ರೇಕ್ಷಕರು ಗೊಂದಲಗೊಂಡರೆಂದು ನಿರ್ಮಾಣದವರು ನಾಯಕ ಹ್ಯಾರಿಸನ್ ಫೋರ್ಡ್ ದನಿಯಲ್ಲಿ ಕಥೆ ವಿವರಿಸುವ ನಿರೂಪಣೆ ಸೇರಿಸಿದ್ದರು. ಸ್ಟಾನ್ಲಿ ಕ್ಯೂಬ್ರಿಕ್‌ರ ‘ದಿ ಶೈನಿಂಗ್’ ಚಿತ್ರಕ್ಕೆ ತೆಗೆದು ಬಳಸದೆ ಉಳಿದಿದ್ದ ಬೆಟ್ಟಗಾಡಿನ ದೃಶ್ಯಗಳನ್ನು ಬೇಡಿ ತಂದು ಸುಖಾಂತ್ಯವನ್ನೂ ಅಂಟಿಸಿದ್ದರು. ಹತ್ತು ವರ್ಷಗಳಲ್ಲಿ ವಿಡಿಯೊ ಕ್ಯಾಸೆಟ್ಟುಗಳು ಚಿತ್ರವನ್ನು ಬದುಕಿಸಿದವು. ಬಹುತೇಕ ನಿರೂಪಣೆಯಿಲ್ಲದ ಹಳೆಯ ಪ್ರತಿಯೊಂದು 1990ರಲ್ಲಿ ಆಕಸ್ಮಿಕವಾಗಿ ಲಾಸ್ ಏಂಜಲೀಸ್‌ನ ಚಿತ್ರಮಂದಿರವೊಂದರಲ್ಲಿ ತೆರೆ ಕಂಡಾಗ ಜನ ಮುಗಿಬಿದ್ದರು. ಅದರಿಂದಾಗಿ 1992ರಲ್ಲಿ ‘ನಿರ್ದೇಶಕರ ಆವೃತ್ತಿ’, 2007ರಲ್ಲಿ ಸ್ಕಾಟ್ ಪೂರ್ತಿ ಒಪ್ಪಿದ ‘ಅಂತಿಮ ಆವೃತ್ತಿ’ ಬಂದವು. ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಅದು ಸೇರಿದ್ದು 1993ರಲ್ಲಿ.

ಅದೇ 1982ರ ಬೇಸಿಗೆಯಲ್ಲಿ, ‘ಬ್ಲೇಡ್ ರನ್ನರ್’ ಬಂದ ಎರಡೇ ವಾರಕ್ಕೆ, ಡಿಸ್ನಿಯ ‘ಟ್ರಾನ್’ ಬಿಡುಗಡೆಯಾಯಿತು. ಅದರ ಹಲವು ನಿಮಿಷಗಳ ದೃಶ್ಯಗಳನ್ನು ಕಂಪ್ಯೂಟರಿನಲ್ಲೇ ತಯಾರಿಸಿದ್ದರು. ಕಸುಬಿನ ಚರಿತ್ರೆಯಲ್ಲಿ ಇದೊಂದು ವಿಚಿತ್ರ ಸಂಧಿಕಾಲ: ಕೈಯಿಂದ ಮಾಡುವ ವಿದ್ಯೆ ತನ್ನ ಶಿಖರ ಮುಟ್ಟಿದ ತಿಂಗಳಲ್ಲೇ ಅದನ್ನು ಪಕ್ಕಕ್ಕೆ ಸರಿಸಲಿರುವ ವಿದ್ಯೆ ಪಕ್ಕದ ಚಿತ್ರಮಂದಿರದಲ್ಲಿ ಅಂಬೆಗಾಲಿಡುತ್ತಿತ್ತು. ದೃಶ್ಯಪರಿಣಾಮದ ಆಸ್ಕರ್‌ಗೆ ‘ಬ್ಲೇಡ್ ರನ್ನರ್’ ನಾಮನಿರ್ದೇಶನ ಪಡೆಯಿತು, ‘ಟ್ರಾನ್’ಗೆ ಅದೂ ಸಿಗಲಿಲ್ಲ. ಮರಿನಾ ಡೆಲ್ ರೇ ಕಾರ್ಯಾಗಾರ 1983ರಲ್ಲಿ ರಿಚರ್ಡ್ ಎಡ್ಲಂಡ್ ಕೈಗೆ ಬಂದು ಬಾಸ್ ಫಿಲ್ಮ್ ಆಯಿತು. ‘ಘೋಸ್ಟ್‌ಬಸ್ಟರ್ಸ್’ (1984) ಚಿತ್ರದ ದೃಶ್ಯಪರಿಣಾಮಗಳು ಅಲ್ಲಿ ತಯಾರಾದವು. 1991ರ ‘ಟರ್ಮಿನೇಟರ್ 2’, 1993ರ ‘ಜುರಾಸಿಕ್ ಪಾರ್ಕ್’ ಬಂದ ಮೇಲೆ ಗಾಳಿ ಬೀಸುವ ದಿಕ್ಕು ಎಲ್ಲರಿಗೂ ಗೊತ್ತಾಯಿತು. 1997ರಲ್ಲಿ ಬಾಸ್ ಫಿಲ್ಮ್ ಬಾಗಿಲು ಹಾಕಿತು.

ಆದರೂ ಮಾದರಿ ಮಾಡುವ ವಿದ್ಯೆ ಸಾಯಲಿಲ್ಲ, ಭೂಗೋಳದ ಇನ್ನೊಂದು ಅಂಚಿಗೆ ಹೋಯಿತು. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ರಿಚರ್ಡ್ ಟೇಲರ್ ನಡೆಸುವ ವೆಟಾ ವರ್ಕ್‌ಶಾಪ್ ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗೆ ಕೋಟೆ ಕೊತ್ತಲಗಳ ಮಾದರಿಗಳನ್ನು ಮಾಡಿತು. ಅವು ಎಷ್ಟು ದೊಡ್ಡವೆಂದರೆ ‘ಮಿನಿಯೇಚರ್’ ಎನ್ನಲು ನಾಲಿಗೆ ಬಾರದೆ ಅಲ್ಲಿಯವರು ‘ಬಿಗೇಚರ್’ ಎಂದು ಕರೆದರು. ಆ ಸರಣಿಯ ಮೊದಲ ಚಿತ್ರಕ್ಕೆ 2002ರಲ್ಲಿ ದೃಶ್ಯಪರಿಣಾಮದ ಆಸ್ಕರ್ ಬಂದಾಗ ವೇದಿಕೆ ಹಂಚಿಕೊಂಡವರಲ್ಲಿ ಟೇಲರ್ ಒಬ್ಬರು, ಮಾರ್ಕ್ ಸ್ಟೆಟ್ಸನ್ ಇನ್ನೊಬ್ಬರು. 1981ರಲ್ಲಿ ‘ಬ್ಲೇಡ್ ರನ್ನರ್’ ಮಾದರಿಗಳ ಉಸ್ತುವಾರಿ ನೋಡಿಕೊಂಡಿದ್ದ ಅದೇ ಸ್ಟೆಟ್ಸನ್. ಕೈಗೆ ಕೈ ತಾಕಿದ ಜಾಗ ಇದು.

ಅಲ್ಕಾನ್ ಎಂಟರ್‌ಟೈನ್‌ಮೆಂಟ್ 2011ರಲ್ಲಿ ಮುಂದಿನ ಭಾಗದ ಹಕ್ಕು ಕೊಂಡಿತು. ಸ್ಕಾಟ್ ಬೇರೆ ಚಿತ್ರದಲ್ಲಿ ತೊಡಗಿದ್ದರಿಂದ ನಿರ್ಮಾಣದ ಕಡೆ ಉಳಿದು, ನಿರ್ದೇಶನವನ್ನು ಕೆನಡಾದ ಡೆನಿ ವಿಲ್ನೂವ್ ಅವರಿಗೆ ಬಿಟ್ಟುಕೊಟ್ಟರು. ಫ್ಯಾಂಚರ್ ಮತ್ತೆ ಬರೆಯಲು ಕೂತರು, ಜೊತೆಗೆ ಮೈಕಲ್ ಗ್ರೀನ್. ಹೊಸ ಚಿತ್ರದ ಮೊದಲ ಪ್ರಸಂಗವೇ ಹಳೆಯದರ ಬಾಕಿ: ಒಂಟಿ ಮನೆ, ಒಲೆಯ ಮೇಲೆ ಕುದಿಯುವ ಪಾತ್ರೆ, ಹೊಲದಿಂದ ಒಳಬರುವ ದೈತ್ಯ ದೇಹದ ರೈತ, ಅವನಿಗಾಗಿ ಕಾದು ಕೂತ ಪೊಲೀಸ್. 1982ರ ಚಿತ್ರಕ್ಕೆ ಯೋಚಿಸಿ ಚಿತ್ರಿಸದೆ ಬಿಟ್ಟಿದ್ದ ಆರಂಭ ಅದು. 35 ವರ್ಷ ಕಾಗದದಲ್ಲಿ ಮಲಗಿದ್ದ ದೃಶ್ಯ ಎದ್ದು ಬಂತು.

ಚಿತ್ರೀಕರಣ 2016ರಲ್ಲಿ ಹಂಗೆರಿಯ ಬುಡಾಪೆಸ್ಟ್ ಮತ್ತು ಸುತ್ತಲಿನ ಸ್ಟುಡಿಯೊಗಳಲ್ಲಿ ನಡೆಯಿತು. ಸ್ಕಾಟ್‌ಗೆ ಇಲ್ಲದ ಎಲ್ಲ ಅನುಕೂಲಗಳೂ ವಿಲ್ನೂವ್‌ಗೆ ಇದ್ದವು. ಹಸಿರು ಪರದೆಯ ಮುಂದೆ ನಟರನ್ನು ನಿಲ್ಲಿಸಿ ಉಳಿದದ್ದನ್ನು ಕಂಪ್ಯೂಟರಿಗೆ ಬಿಡಬಹುದಿತ್ತು. ಅವರು ಸಾಧ್ಯವಾದಷ್ಟೂ ಸೆಟ್ ಕಟ್ಟಿಸಿದರು, ಕಿಟಕಿಯಾಚೆಯ ಮಳೆಯನ್ನೂ ಸೆಟ್‌ನಲ್ಲೇ ಸುರಿಸಿದರು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಬೆಳಕನ್ನು ಯೋಚಿಸಿದ ರೀತಿಯಲ್ಲಿ ಕ್ರೋನೆನ್‌ವೆತ್‌ಗೆ ಸಲ್ಲಿಸಿದ ಗೌರವವಿದೆ, ಅನುಕರಣೆಯಿಲ್ಲ. ಕ್ರೋನೆನ್‌ವೆತ್‌ನ ಬೆಳಕು ಹೊರಗಿನಿಂದ ಕತ್ತಿಯಂತೆ ಒಳನುಗ್ಗುತ್ತದೆ. ಡೀಕಿನ್ಸ್ ಬೆಳಕು ನೀರಿನಂತೆ ಗೋಡೆಯ ಮೇಲೆ ಹರಿದಾಡುತ್ತದೆ. ಖಳನಾಯಕ ವಾಲೆಸ್‌ನ ಕೋಣೆಗಳಿಗೆ ವೃತ್ತಾಕಾರವಾಗಿ ಇನ್ನೂರಕ್ಕೂ ಹೆಚ್ಚು ದೀಪಗಳನ್ನು ತೂಗಿಬಿಟ್ಟು, ಒಂದಾದ ಮೇಲೊಂದು ಹೊತ್ತಿ ಆರುವಂತೆ ಮಾಡಿ, ಸೂರ್ಯನೇ ಕೋಣೆಯನ್ನು ಸುತ್ತು ಹಾಕಿದ ಹಾಗೆ ನೆರಳುಗಳನ್ನು ನಡೆಸಿದರು. ವಾಲೆಸ್ ಕುರುಡ; ಕುರುಡನ ಮನೆಯಲ್ಲಿ ಇಷ್ಟು ಚೆಂದದ ಬೆಳಕು ಇಟ್ಟದ್ದು ಆ ಚಿತ್ರದ ಅತ್ಯಂತ ಸೂಕ್ಷ್ಮ ಕಲ್ಪನೆ.

ನಗರದ ಮಾದರಿಗಳು ವೆಲಿಂಗ್ಟನ್‌ನಿಂದ ಬಂದವು. ಪೊಲೀಸ್ ಕಟ್ಟಡ, ವಾಲೆಸ್‌ನ ಗೋಪುರಗಳು, ತಗ್ಗು ಮನೆಗಳ ಕೇರಿ, ಸ್ಯಾನ್ ಡಿಯಾಗೊದ ಕಸದ ಬೆಟ್ಟ ಎಲ್ಲವನ್ನೂ ವೆಟಾದವರು ಕೈಯಾರೆ ಮಾಡಿದರು. ‘ರಿಂಗ್ಸ್’ ಕಾಲದಿಂದ ಅಲ್ಲಿ ಮಾದರಿಗಳನ್ನು ಚಿತ್ರಿಸುತ್ತಿದ್ದ ಅಲೆಕ್ಸ್ ಫಂಕಿ ಇಲ್ಲೂ ಕ್ಯಾಮೆರಾ ಹಿಡಿದರು. ವಿಧಾನ ಮಾತ್ರ ಬದಲಾಗಿತ್ತು. ಅದೇ ನೆಗೆಟಿವ್ ಮೇಲೆ ಮತ್ತೆ ಮತ್ತೆ ಒಡ್ಡುವ ಭಯವಿರಲಿಲ್ಲ. ಪ್ರತಿ ಸಲದ ಚಿತ್ರವೂ ಬೇರೆ ಬೇರೆ ಡಿಜಿಟಲ್ ಪದರವಾಗಿ ಉಳಿಯುತ್ತಿತ್ತು, ಒಂದು ಕೆಟ್ಟರೆ ಅದೊಂದನ್ನೇ ತೆಗೆದರಾಯಿತು. ಆ ಪದರಗಳ ಮೇಲೆ ಮಂಜು, ಹಿಮ, ಹಾರುವ ವಾಹನಗಳನ್ನು ಡಬಲ್ ನೆಗೆಟಿವ್ ಮೊದಲಾದ ಸಂಸ್ಥೆಗಳ ಕಲಾವಿದರು ಕಂಪ್ಯೂಟರಿನಲ್ಲಿ ಹೆಣೆದರು. ಚಿತ್ರದಲ್ಲಿ ದೃಶ್ಯಪರಿಣಾಮದ ಶಾಟ್‌ಗಳು ಒಟ್ಟು ಸಾವಿರಕ್ಕೂ ಹೆಚ್ಚು. ಮೇಜಿನ ಮೇಲೆ ನಿಜವಾದ ವಸ್ತುವೊಂದು ಇದ್ದು, ಅದರ ಮೇಲೆ ನಿಜವಾದ ಬೆಳಕು ಬಿದ್ದದ್ದರಿಂದ ಉಳಿದದ್ದೆಲ್ಲವೂ ಯಾವುದಕ್ಕೆ ಹೊಂದಬೇಕು ಎಂಬುದು ಅವರಿಗೆ ಕಣ್ಣೆದುರೇ ಇತ್ತು.

ಎರಡು ನಗರಗಳ ಸ್ವಭಾವ ಬೇರೆ. 2019ರ ಲಾಸ್ ಏಂಜಲೀಸ್‌ನಲ್ಲಿ ಮಳೆ. 2049ರಲ್ಲಿ ಹಿಮವೂ ಬೀಳುತ್ತದೆ, ಕಡಲನ್ನು ತಡೆಯಲು ದೊಡ್ಡ ಗೋಡೆ ಎದ್ದಿದೆ. ಮೊದಲ ಚಿತ್ರ ಒಂದಿಂಚೂ ಬಿಡದೆ ತುಂಬುತ್ತದೆ: ನೂಡಲ್ಸ್ ಅಂಗಡಿ, ಕೊಡೆ, ಸೈಕಲ್, ಐದಾರು ಭಾಷೆಗಳ ಕಲಬೆರಕೆ. ಎರಡನೆಯದು ಖಾಲಿ ಬಿಡುತ್ತದೆ. 117 ನಿಮಿಷದ ಹಳೆಯ ಚಿತ್ರ ನಗರ ಬಿಟ್ಟು ಹೊರಗೆ ಹೋಗುವುದೇ ಅಪರೂಪ. 163 ನಿಮಿಷದ ಹೊಸದು ಹೊಲಕ್ಕೆ, ಕಸದ ಗುಡ್ಡಕ್ಕೆ, ನಿರ್ಜನ ಲಾಸ್ ವೇಗಸ್‌ಗೆ ಹೋಗಿ ಅಲ್ಲಲ್ಲಿ ನಿಲ್ಲುತ್ತದೆ. ವೇಗಸ್‌ನ ನಕ್ಷೆ ಬರೆಯಲು ವಿಲ್ನೂವ್ ಮತ್ತೆ ಸಿಡ್ ಮೀಡ್ ಅವರನ್ನೇ ಕೇಳಿದರು. ಆಗ ಮೀಡ್ ಎಂಬತ್ತು ದಾಟಿದ್ದರು. ಅಲ್ಲಿನ ಕಿತ್ತಳೆ ಬಣ್ಣಕ್ಕೆ ಮೂಲ 2009ರಲ್ಲಿ ಸಿಡ್ನಿ ನಗರವನ್ನು ಕವಿದ ಕೆಂಧೂಳಿನ ಬಿರುಗಾಳಿಯ ಚಿತ್ರಗಳು. ಡೆಕಾರ್ಡ್ ಅಡಗಿರುವ ಹಾಳು ಹೋಟೆಲಿನ ಒಳಭಾಗಕ್ಕೆ ಬುಡಾಪೆಸ್ಟ್‌ನ ಹಳೆಯ ಷೇರುಪೇಟೆ ಭವನ ಸಿಕ್ಕಿತು. ಒಂದು ಕಾಲಕ್ಕೆ ಬ್ರಾಡ್‌ಬರಿ ಕಟ್ಟಡ ಮಾಡಿದ ಕೆಲಸವನ್ನು ಈ ಸಲ ಅದು ಮಾಡಿತು. ಧೂಳು ಕವಿದ, ಜನ ಬಿಟ್ಟುಹೋದ, ಒಂದು ಪ್ರಾಣಿ ನಿಜವೋ ಕೃತಕವೋ ಎಂದು ಕೇಳಬೇಕಾದ ಈ ಊರು ಡಿಕ್ ಅವರ ಕಾದಂಬರಿಯ ಸ್ಯಾನ್ ಫ್ರಾನ್ಸಿಸ್ಕೊಗೆ ಮೊದಲ ಚಿತ್ರಕ್ಕಿಂತ ಹತ್ತಿರ. 1982ರಲ್ಲಿ ಕೈಬಿಟ್ಟ ಖಾಲಿತನ 2017ರಲ್ಲಿ ಮರಳಿ ಬಂತು.

ಕಥೆಯಲ್ಲೂ ಒಂದು ತಿರುವಿದೆ. ಹಳೆಯ ಚಿತ್ರದಲ್ಲಿ ಬೇಟೆಗಾರ ಮನುಷ್ಯನೆಂದುಕೊಂಡೇ ನೋಡುತ್ತೇವೆ, ಅನುಮಾನ ಆಮೇಲೆ ಮೊಳೆಯುತ್ತದೆ. ಹೊಸದರಲ್ಲಿ ರಯಾನ್ ಗಾಸ್ಲಿಂಗ್ ಮಾಡಿದ ಕೆ ಎಂಬ ಬೇಟೆಗಾರ ತಾನು ರೆಪ್ಲಿಕಂಟ್ ಎಂದು ಮೊದಲಿನಿಂದಲೇ ಬಲ್ಲ. ತಾನು ಹುಟ್ಟಿದವನಿರಬಹುದೇ ಎಂಬ ಆಸೆ ಆಮೇಲೆ ಮೊಳೆಯುತ್ತದೆ. ಎರಡೂ ಒಂದು ಕಣ್ಣಿನ ಸಮೀಪನೋಟವನ್ನು ಆರಂಭದಲ್ಲೇ ಇಟ್ಟುಕೊಂಡಿವೆ. ರಟ್ಗರ್ ಹಾಯರ್ ಮಾಡಿದ ರೆಪ್ಲಿಕಂಟ್ ಮಳೆಯಲ್ಲಿ ಸಾಯುವಾಗ ಕೇಳಿಬಂದ ವ್ಯಾಂಜೆಲಿಸ್‌ರ ಸಂಗೀತ, ಕೆ ಹಿಮ ಬೀಳುವ ಮೆಟ್ಟಿಲುಗಳ ಮೇಲೆ ಒರಗಿದಾಗ ಹ್ಯಾನ್ಸ್ ಜಿಮ್ಮರ್ ಮತ್ತು ಬೆಂಜಮಿನ್ ವಾಲ್‌ಫಿಶ್ ಕೈಯಲ್ಲಿ ಮತ್ತೆ ಕೇಳುತ್ತದೆ.

ಮೊದಲ ಚಿತ್ರಕ್ಕೆ ಸಾಧ್ಯವೇ ಇಲ್ಲದಿದ್ದ ಒಂದನ್ನು ಹೊಸ ಚಿತ್ರ ಮಾಡಿತು. 1982ರಲ್ಲಿ ಡೆಕಾರ್ಡ್ ಪ್ರೀತಿಸಿದ ರೆಪ್ಲಿಕಂಟ್ ರೇಚಲ್ ಪಾತ್ರ ಮಾಡಿದ ಶಾನ್ ಯಂಗ್ ಅವರ ಅಂದಿನ ಮುಖವನ್ನೇ ಎಂಪಿಸಿ ಸಂಸ್ಥೆಯ ಕಲಾವಿದರು ಮತ್ತೆ ಸೃಷ್ಟಿಸಿದರು. ನಡೆದು ಬಂದದ್ದು ಬೇರೊಬ್ಬ ನಟಿ, ಮುಖ ಕಂಪ್ಯೂಟರಿನದು. ಕೆಲಸ ಹಿಡಿದದ್ದು ಸುಮಾರು ಒಂದು ವರ್ಷ. ತಮ್ಮ ಕೈ ಎಷ್ಟು ಪಳಗಿದೆ ಎಂದು ನೋಡಲು ಅವರು ಹಳೆಯ ಚಿತ್ರದ ಕೆಲವು ಶಾಟ್‌ಗಳನ್ನೇ ಡಿಜಿಟಲ್ ಮುಖದಿಂದ ಮತ್ತೆ ತಯಾರಿಸಿ ಮೂಲದ ಪಕ್ಕದಲ್ಲಿಟ್ಟು ಪರೀಕ್ಷಿಸಿದರು. ತೆರೆಯ ಮೇಲೆ ಆಕೆ ಕತ್ತಲಿನಿಂದ ಹೆಜ್ಜೆ ಹಾಕುತ್ತಾ ಬಂದು ಡೆಕಾರ್ಡ್ ಎದುರು ನಿಲ್ಲುವುದು ಕೆಲವೇ ಕ್ಷಣ. ಮುದುಕನಾದ ಡೆಕಾರ್ಡ್, ನಿಜವಾದ ರೇಚಲ್ ಕಣ್ಣು ಹಸಿರಾಗಿತ್ತು ಎನ್ನುವ ಅರ್ಥದ ಒಂದು ಮಾತಾಡಿ ಮುಖ ತಿರುಗಿಸುತ್ತಾನೆ. ಎದುರು ನಿಂತ ಈ ಪ್ರತಿಕೃತಿಯನ್ನು ಅಲ್ಲೇ ಕೊಲ್ಲಲಾಗುತ್ತದೆ. ಪ್ರತಿಕೃತಿಗಳ ಕಥೆಯೊಳಗೆ ಒಂದು ಪ್ರತಿಕೃತಿ ತಿರಸ್ಕಾರಗೊಳ್ಳುವ ಆ ದೃಶ್ಯ ಸಿನಿಮಾ ತನ್ನ ಹೊಸ ವಿದ್ಯೆಯನ್ನು ತಾನೇ ನೇರವಾಗಿ ದಿಟ್ಟಿಸಿದ ಗಳಿಗೆ.

ಹೊಸ ಚಿತ್ರಕ್ಕೆ ಐದು ಆಸ್ಕರ್ ನಾಮನಿರ್ದೇಶನ, ಎರಡು ಪ್ರಶಸ್ತಿ: ದೃಶ್ಯಪರಿಣಾಮಕ್ಕೊಂದು, ಛಾಯಾಗ್ರಹಣಕ್ಕೊಂದು. ಡೀಕಿನ್ಸ್‌ಗೆ ಅದು ಹದಿನಾಲ್ಕನೆಯ ನಾಮನಿರ್ದೇಶನ, ಮೊದಲ ಗೆಲುವು. ಖರ್ಚಿಗೆ ತಕ್ಕ ಗಳಿಕೆ ಮಾತ್ರ ಹಿಂದಿನಂತೆಯೇ ಬರಲಿಲ್ಲ.

ಈ ಕಸುಬಿನ ದಾರಿ ಅಷ್ಟರಲ್ಲಿ ಭಾರತವನ್ನೂ ಬೆಂಗಳೂರನ್ನೂ ಹಾಯ್ದಿತ್ತು. ಡಬಲ್ ನೆಗೆಟಿವ್ 2014ರಲ್ಲಿ ಮುಂಬೈ ಮೂಲದ ಪ್ರೈಮ್ ಫೋಕಸ್ ಜೊತೆ ಸೇರಿಕೊಂಡಿತ್ತು. ಎಂಪಿಸಿಯ ಬೆಂಗಳೂರು ಶಾಖೆಯಲ್ಲಿ ನೂರಾರು ಯುವಕ ಯುವತಿಯರು ಕೆಲಸಕ್ಕಿದ್ದರು. ‘ದಿ ಜಂಗಲ್ ಬುಕ್’ (2016) ಚಿತ್ರದ ಕಾಡಿನಲ್ಲಿ ಅವರ ಕೈಯಿದೆ. ನಟರ ಅಂಚನ್ನು ಫ್ರೇಮಿಗೆ ಫ್ರೇಮು ಕತ್ತರಿಸಿ ಬೇರ್ಪಡಿಸುವ ರೋಟೊ ಕೆಲಸ ಇಂಥ ಶಾಖೆಗಳ ನಿತ್ಯದ ಪಾಡು. ಹೊಗೆಯ ಕೋಣೆಯಲ್ಲಿ ಕಿಟಕಿ ಕೆರೆಯುತ್ತಿದ್ದವರ ತಾಳ್ಮೆ ಯಾವುದೋ ಅದೇ ತಾಳ್ಮೆ ಇಲ್ಲೂ ಬೇಕು, ಹೆಸರು ಮಾತ್ರ ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. 2025ರ ಆರಂಭದಲ್ಲಿ ಎಂಪಿಸಿಯ ಒಡೆತನ ಹೊಂದಿದ್ದ ಟೆಕ್ನಿಕಲರ್ ಗುಂಪು ಕುಸಿದಾಗ ಲಂಡನ್ನಿನವರ ಜೊತೆ ಬೆಂಗಳೂರಿನವರೂ ಕೆಲಸ ಕಳೆದುಕೊಂಡರು.

ಸಿಡ್ ಮೀಡ್ 2019ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಅವರ ಕಲ್ಪನೆಯ ನವೆಂಬರ್ 2019 ಮುಗಿದ ಮರುತಿಂಗಳು. ಟ್ರಂಬುಲ್ ತೀರಿಕೊಂಡದ್ದು 2022ರಲ್ಲಿ. ಅವರ ಕಾಲದ ವಸ್ತುಗಳಲ್ಲಿ ಕೆಲವು ಉಳಿದಿವೆ. ಹಾರುವ ಪೊಲೀಸ್ ಕಾರೊಂದು ಸಿಯಾಟಲ್‌ನ ವಸ್ತುಸಂಗ್ರಹಾಲಯ ಸೇರಿತು. ಟೈರೆಲ್ ಕಟ್ಟಡದ ಮಾದರಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್‌ನಲ್ಲಿದೆ.